ಸೈಕಲಿನ ಬ್ರೇಕು: ಬದಲಾಯಿಸೋಣವೇ, ಸರಿಪಡಿಸೋಣವೇ?

ಜೂನ್ ತಿಂಗಳು ಬಂತೆಂದರೆ ನಮ್ಮ ಕಾಸರಗೋಡು ಸೀಮೆಯಲ್ಲಿ ಎರಡು ಸಂಗತಿಗಳು ಜೊತೆಯಾಗಿಯೇ ಆರಂಭವಾಗುತ್ತವೆ. ಒಂದು ಮಳೆ, ಇನ್ನೊಂದು ಶಾಲೆ. ಹೊಸ ಪುಸ್ತಕ, ಹೊಸ ಕೊಡೆಗಳೊಂದಿಗೆ ಮಕ್ಕಳು ಸೈಕಲು ಏರುವುದೂ ಅದೇ ದಿನಗಳಲ್ಲಿ. ಊರು ಸಮತಟ್ಟಾಗಿದ್ದರೆ ಚಿಂತೆಯಿರಲಿಲ್ಲ. ನಮ್ಮದು ಗುಡ್ಡಗಳ ನಾಡು. ಕುಂಬಳೆಯಿಂದ ಬದಿಯಡ್ಕದ ಕಡೆಗೋ, ಚೆರ್ಕಳದಿಂದ ಮುಳ್ಳೇರಿಯದ ಕಡೆಗೋ ಒಮ್ಮೆ ಹೋದವರಿಗೆ ಇಲ್ಲಿಯ ಏರುತಗ್ಗುಗಳು ಎಂಥವೆಂದು ಹೇಳಬೇಕಾಗಿಲ್ಲ. ಮನೆಗಳು ತಗ್ಗಿನ ಅಡಿಕೆ ತೋಟದ ಬದಿಯಲ್ಲಿ, ಶಾಲೆಗಳು ಗುಡ್ಡದ ಮೇಲಿನ ಮುರಕಲ್ಲಿನ ಬಯಲಿನಲ್ಲಿ. ಬೆಳಗ್ಗೆ ಸೈಕಲನ್ನು ದೂಡಿಕೊಂಡು ಏರಿ ಬಂದ ಮಕ್ಕಳು ಸಂಜೆ ಗಂಟೆ ಬಾರಿಸಿದೊಡನೆ ಅದೇ ದಾರಿಯನ್ನು ಗಾಳಿಯಂತೆ ಇಳಿಯುತ್ತಾರೆ. ಆಗ ಅವರ ಪ್ರಾಣವನ್ನು ಕಾಯುವುದು ಎರಡು ಹಿಡಿ, ಎರಡು ತಂತಿ, ನಾಲ್ಕು ತುಂಡು ರಬ್ಬರು.

ಈ ನಾಲ್ಕು ತುಂಡು ರಬ್ಬರಿನ ವಿಷಯವನ್ನೇ ಇಂದು ನಾವು ಮಾತನಾಡಬೇಕೆಂದಿದ್ದೇವೆ. ವಾರ್ಷಿಕ ಸಂಚಿಕೆಯಲ್ಲಿ ಇದಕ್ಕಿಂತ ಘನವಾದ ವಿಷಯಗಳಿಗೆ ಸ್ಥಾನವಿರಬೇಕೆಂದು ಕೆಲವರಿಗೆ ಅನ್ನಿಸಬಹುದು. ಆದರೆ ನಮ್ಮ ಕಡೆಯಿಂದ ಒಂದು ತಪ್ಪು ನಡೆದುಹೋಗಿದೆ. ಅದನ್ನು ಎಲ್ಲರ ಮುಂದೆ ಒಪ್ಪಿಕೊಳ್ಳದೆ ಉಳಿದ ಮಾತಿಗೆ ಬೆಲೆ ಬಾರದು.

ಈಗ ಮಕ್ಕಳಿಗೆಲ್ಲ ಡಿಸ್ಕ್ ಬ್ರೇಕಿನ ಹುಚ್ಚು. ಚಕ್ರದ ನಡುವೆ ತೂತುತೂತಾಗಿ ಹೊಳೆಯುವ ಉಕ್ಕಿನ ತಟ್ಟೆ ಇದ್ದರೆ ಅದು ಸೈಕಲು, ಇಲ್ಲದಿದ್ದರೆ ಅಜ್ಜನ ಕಾಲದ ಗುಜರಿ. ಹೊಸ ಸೈಕಲು ಕೊಡಿಸುವ ಶಕ್ತಿ ಎಲ್ಲ ಮನೆಗಳಿಗೂ ಇಲ್ಲ. ಆದ್ದರಿಂದ ಇದ್ದ ಸೈಕಲಿಗೇ ಡಿಸ್ಕು ಕೂರಿಸುವ ಪ್ರಯತ್ನಗಳು ನಡೆಯುತ್ತವೆ. ನಮ್ಮ ಒಂಬತ್ತನೆಯ ತರಗತಿಯ ಹುಡುಗನೊಬ್ಬ 2023ರಲ್ಲಿ ಇಂಥ ಪ್ರಯತ್ನ ಮಾಡಿದ. ಬಹಳ ಚುರುಕಾದ ಹುಡುಗ. ಗುಜರಿ ಅಂಗಡಿಯಿಂದ ಡಿಸ್ಕಿರುವ ಒಂದು ಚಕ್ರವನ್ನು ತಂದ. ಬ್ರೇಕಿನ ದವಡೆಯನ್ನು ಎಲ್ಲಿಂದಲೋ ಸಂಪಾದಿಸಿದ. ಅದನ್ನು ಕೂರಿಸಲು ಮುಂದಿನ ಫೋರ್ಕಿನ ಎಡಗಾಲಿಗೆ ವೆಲ್ಡಿಂಗ್ ಶಾಪಿನಲ್ಲಿ ಒಂದು ಕಬ್ಬಿಣದ ತುಂಡನ್ನು ಅಂಟಿಸಿಕೊಂಡು ಬಂದ. ಶಾಲೆಯ ಮೇಳದಲ್ಲಿ ಅದನ್ನು ಪ್ರದರ್ಶನಕ್ಕಿಟ್ಟಾಗ ನಾವು ಅಧ್ಯಾಪಕರೆಲ್ಲ ಬೆನ್ನು ತಟ್ಟಿದೆವು. ಬಹುಮಾನವನ್ನೂ ಕೊಟ್ಟೆವು. ಫೋರ್ಕಿನ ಕಾಲು ಆ ಭಾರವನ್ನು ತಾಳೀತೇ ಎಂದು ಯಾರೂ ಕೇಳಲಿಲ್ಲ. ವಿಜ್ಞಾನ ಪಾಠ ಹೇಳುವವರೂ ಕೇಳಲಿಲ್ಲ.

2024ರ ಜೂನ್ ತಿಂಗಳಲ್ಲಿ ಒಂದು ಸಂಜೆ, ಮಳೆ ಹನಿಯುತ್ತಿದ್ದಾಗ, ಇಳಿಜಾರಿನ ತಿರುವಿನಲ್ಲಿ ಎದುರಿನಿಂದ ಜೀಪೊಂದು ಬಂತು. ಹುಡುಗ ಬ್ರೇಕು ಹಿಡಿದ. ಬ್ರೇಕು ಚೆನ್ನಾಗಿಯೇ ಹಿಡಿಯಿತು. ಆದರೆ ವೆಲ್ಡಿಂಗಿನ ಬುಡದಲ್ಲಿ ಫೋರ್ಕಿನ ಕಾಲು ಮಡಚಿಹೋಯಿತು. ಹೆಗಲಿನ ಎಲುಬು ಮುರಿದು ಹುಡುಗ ಒಂದೂವರೆ ತಿಂಗಳು ಮನೆಯಲ್ಲಿ ಕುಳಿತ. ನಾವು ನೋಡಲು ಹೋದಾಗ ಅವನ ತಂದೆ ಕುಳಿತುಕೊಳ್ಳಲು ಚಾಪೆ ಹಾಸಿ, ಬೆಲ್ಲ ನೀರು ಕೊಟ್ಟು, ಮೆಲ್ಲಗೆ ಒಂದೇ ಮಾತು ಹೇಳಿದರು: "ನೀವೆಲ್ಲ ಬಹುಮಾನ ಕೊಟ್ಟದ್ದಲ್ಲವೇ ಮಾಷ್ಟ್ರೇ, ಸರಿಯಾಗಿಯೇ ಇರಬೇಕೆಂದು ನಾವು ತಿಳಿದೆವು." ಅದಕ್ಕೆ ಉತ್ತರ ನಮ್ಮಲ್ಲಿ ಇರಲಿಲ್ಲ. ಅಂದು ಕೇಳದ ಪ್ರಶ್ನೆಯನ್ನು ಇಂದಾದರೂ ಕೇಳೋಣ ಎಂಬುದೇ ಈ ಲೇಖನದ ಉದ್ದೇಶ.

ಮೊದಲು ಡಿಸ್ಕ್ ಬ್ರೇಕಿಗೆ ಸಲ್ಲಬೇಕಾದ ಮರ್ಯಾದೆಯನ್ನು ಸಲ್ಲಿಸೋಣ. ಅದು ನಿನ್ನೆ ಮೊನ್ನೆಯ ಶೋಕಿಯಲ್ಲ. ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ ಎಂಬ ಇಂಜಿನಿಯರು ಮೋಟಾರು ವಾಹನದ ಡಿಸ್ಕ್ ಬ್ರೇಕಿಗೆ ಪೇಟೆಂಟು ಪಡೆದದ್ದು 1902ರಲ್ಲಿ. 1953ರಲ್ಲಿ ಫ್ರಾನ್ಸಿನ ಲ ಮಾನ್ ಎಂಬಲ್ಲಿ ನಡೆದ 24 ಗಂಟೆಗಳ ಕಾರು ಪಂದ್ಯವನ್ನು ಜಾಗ್ವಾರ್ ಕಾರುಗಳು ಡಿಸ್ಕ್ ಬ್ರೇಕಿನ ಬಲದಿಂದ ಗೆದ್ದ ಮೇಲೆ ಅದರ ಕೀರ್ತಿ ಲೋಕಕ್ಕೆಲ್ಲ ಹರಡಿತು. ಸೈಕಲಿನಲ್ಲಿಯೂ ಅದರ ಗುಣಗಳು ಸ್ಪಷ್ಟವಾಗಿವೆ. ರಿಮ್ಮು ನೆಲಕ್ಕೆ ಹತ್ತಿರವಾದ್ದರಿಂದ ಕೆಸರು, ನೀರು ಎಲ್ಲವನ್ನೂ ಎತ್ತಿಕೊಳ್ಳುತ್ತದೆ. ಡಿಸ್ಕು ಚಕ್ರದ ನಡುವೆ ಎತ್ತರದಲ್ಲಿ ಇರುವುದರಿಂದ ಅಷ್ಟಾಗಿ ಕೊಳೆಯಾಗುವುದಿಲ್ಲ. ಒದ್ದೆಯಾದರೂ ಗಟ್ಟಿಯಾದ ಪ್ಯಾಡುಗಳು ಬೇಗನೆ ನೀರನ್ನು ಒರೆಸಿ ಹಾಕುತ್ತವೆ. ಚಕ್ರ ಸ್ವಲ್ಪ ಸೊಟ್ಟಗಾದರೂ ಬ್ರೇಕಿಗೆ ತೊಂದರೆಯಿಲ್ಲ. ರಿಮ್ಮು ಸವೆಯುವುದೂ ಇಲ್ಲ. ನಮ್ಮಂಥ ಮಳೆಯ ನಾಡಿಗೆ ಇವೆಲ್ಲ ಸಣ್ಣ ಲಾಭಗಳಲ್ಲ.

ಹಾಗಾದರೆ ನಮ್ಮ ತಕರಾರು ಯಾವುದು? ಡಿಸ್ಕಿಗಾಗಿಯೇ ತಯಾರಾದ ಸೈಕಲಿನಲ್ಲಿ ಡಿಸ್ಕು ಇರುವುದಕ್ಕೆ ನಮ್ಮ ತಕರಾರಿಲ್ಲ. ರಿಮ್ಮಿನ ಬ್ರೇಕಿಗಾಗಿ ತಯಾರಾದ ಸೈಕಲಿಗೆ ಅದನ್ನು ಬಲವಂತದಿಂದ ಕೂರಿಸುವುದಕ್ಕೆ ನಮ್ಮ ವಿರೋಧವಿದೆ. ಕಾರಣವನ್ನು ಹತ್ತನೆಯ ತರಗತಿಯ ಯಾವ ವಿದ್ಯಾರ್ಥಿಯೂ ಲೆಕ್ಕ ಮಾಡಿ ತಿಳಿಯಬಹುದು.

ತೂಗುವ ಬಾಗಿಲನ್ನು ಅಂಚಿನಲ್ಲಿ ಒಂದು ಬೆರಳಿನಿಂದ ತಡೆಯಬಹುದು. ಕೀಲಿನ ಹತ್ತಿರ ತಡೆಯಬೇಕಾದರೆ ಇಡೀ ಕೈಯ ಬಲ ಬೇಕು. ಚಕ್ರವೂ ಹಾಗೆಯೇ. 26 ಇಂಚಿನ ಚಕ್ರವನ್ನು ತೆಗೆದುಕೊಳ್ಳೋಣ. ಟಯರಿನ ಹೊರ ಅಂಚು ನಡುವಿನಿಂದ ಸುಮಾರು 33 ಸೆಂಟಿಮೀಟರು ದೂರದಲ್ಲಿದೆ. ರಿಮ್ಮು ಸುಮಾರು 28 ಸೆಂಟಿಮೀಟರು ದೂರದಲ್ಲಿದೆ. ಸಾಮಾನ್ಯವಾಗಿ ಸಿಗುವ 160 ಮಿಲಿಮೀಟರಿನ ಡಿಸ್ಕಿನಲ್ಲಿ ಪ್ಯಾಡು ಕಚ್ಚುವುದು ನಡುವಿನಿಂದ ಸುಮಾರು ಏಳೂವರೆ ಸೆಂಟಿಮೀಟರು ದೂರದಲ್ಲಿ. ಟಯರು ರಸ್ತೆಯ ಮೇಲೆ 20 ಕಿಲೋ ಭಾರದಷ್ಟು ಬಲದಿಂದ ತಡೆಯಬೇಕಾದರೆ, ರಿಮ್ಮಿನ ಮೇಲೆ ಸುಮಾರು 24 ಕಿಲೋದಷ್ಟು ಎಳೆತ ಸಾಕು. ಡಿಸ್ಕಿನ ಮೇಲಾದರೆ ಅದೇ ಕೆಲಸಕ್ಕೆ ಸುಮಾರು 88 ಕಿಲೋದಷ್ಟು ಎಳೆತ ಬೇಕು. ಡಿಸ್ಕಿನ ದವಡೆ ಈ ಬಲವನ್ನು ಕೊಡುತ್ತದೆ, ಸಂದೇಹವಿಲ್ಲ. ಆ ಬಲವನ್ನು ಯಾರು ಹೊರುತ್ತಾರೆ ಎಂಬುದೇ ಪ್ರಶ್ನೆ.

ರಿಮ್ಮಿನ ಬ್ರೇಕಿನ ಎಳೆತ ಬೀಳುವುದು ಫೋರ್ಕಿನ ಮೇಲ್ಭಾಗದಲ್ಲಿ. ಅಲ್ಲಿ ಕೊಳವೆ ದಪ್ಪವಾಗಿರುತ್ತದೆ, ಎರಡು ಕಾಲುಗಳೂ ಭಾರವನ್ನು ಹಂಚಿಕೊಳ್ಳುತ್ತವೆ. ಡಿಸ್ಕಿನ ಎಳೆತ ಬೀಳುವುದು ಎಡಗಾಲಿನ ಕೆಳತುದಿಯಲ್ಲಿ. ಹಳೆಯ ಮಾದರಿಯ ಫೋರ್ಕಿನಲ್ಲಿ ಆ ಭಾಗವೇ ಎಲ್ಲಕ್ಕಿಂತ ಸಪೂರ. ರಸ್ತೆಯ ಕುಲುಕಾಟವನ್ನು ಮೆತ್ತಗೆ ಮಾಡಲೆಂದೇ ಅದನ್ನು ಹಾಗೆ ಸಪೂರವಾಗಿ ಬಗ್ಗಿಸಿರುತ್ತಾರೆ. ಅಂಥ ತೆಳು ಕೊಳವೆಗೆ ವೆಲ್ಡಿಂಗ್ ಮಾಡಿದರೆ ಸುತ್ತಲಿನ ಉಕ್ಕು ಸುಟ್ಟು ಮತ್ತಷ್ಟು ಬಲಗುಂದುತ್ತದೆ. ನಾಲ್ಕು ತಿಂಗಳು ಏನೂ ಆಗದಿರಬಹುದು. ಪ್ರತಿಯೊಂದು ಬ್ರೇಕಿಗೂ ಕಾಣದಂತೆ ಬಿರುಕು ಒಂದು ಕೂದಲೆಳೆಯಷ್ಟು ಬೆಳೆಯುತ್ತಿರುತ್ತದೆ. ನಮ್ಮ ಹುಡುಗನ ಸೈಕಲಿನಲ್ಲಿ ನಡೆದದ್ದು ಇದೇ.

ಮಾತು ಇಲ್ಲಿಗೇ ಮುಗಿಯುವುದಿಲ್ಲ. ರಿಮ್ಮನ್ನು ನೇರವಾಗಿ ಹಿಡಿದಾಗ ಬ್ರೇಕಿನ ಎಳೆತ ಸ್ಪೋಕು ಕಡ್ಡಿಗಳ ಮೂಲಕ ಹಾದುಹೋಗುವುದಿಲ್ಲ. ಹಬ್ಬನ್ನು ಹಿಡಿಯುವ ಡಿಸ್ಕಿನಲ್ಲಿ ಅದು ಸಂಪೂರ್ಣವಾಗಿ ಕಡ್ಡಿಗಳ ಮೂಲಕವೇ ರಿಮ್ಮಿಗೆ ತಲುಪಬೇಕು. ಆದ್ದರಿಂದ ಕಡ್ಡಿಗಳು ಒಂದಕ್ಕೊಂದು ಅಡ್ಡ ಹಾಯ್ದು ಹೆಣೆದಿರಬೇಕು, ಬಿಗಿಯೂ ಸಮನಾಗಿರಬೇಕು. ಸಾಮಾನ್ಯ ಹಬ್ಬಿಗೆ ಡಿಸ್ಕು ಕೂರುವ ಜಾಗವೇ ಇಲ್ಲ, ಚಕ್ರವನ್ನೇ ಬದಲಾಯಿಸಬೇಕು. ಹಿಂದಿನ ಚಕ್ರದಲ್ಲಿ ಅಗಲದ ತೊಡಕೂ ಇದೆ. ರಿಮ್ಮಿನ ಬ್ರೇಕಿನ ಗೇರು ಸೈಕಲುಗಳಲ್ಲಿ 130 ಮಿಲಿಮೀಟರಿನ ಹಬ್ಬು ಕೂರುವ ಚೌಕಟ್ಟುಗಳು ಅನೇಕ, ಡಿಸ್ಕಿನ ಹಬ್ಬುಗಳು ಬಹುಪಾಲು 135 ಮಿಲಿಮೀಟರು ಅಥವಾ ಅದಕ್ಕಿಂತ ಹೆಚ್ಚು. ಸರಳಿನ ಬ್ರೇಕಿರುವ ಹಳೆಯ ಕಪ್ಪು ಸೈಕಲಿನಲ್ಲಿ ಅಷ್ಟೂ ಅಗಲವಿಲ್ಲ. ಚೌಕಟ್ಟನ್ನು ಹಿಗ್ಗಿಸಿ ಕೂರಿಸುವವರಿದ್ದಾರೆ. ಹಾಗೆ ಹಿಗ್ಗಿಸಿದ ಸೈಕಲು ನೇರವಾಗಿ ಓಡೀತೆಂದು ಹೇಳುವಂತಿಲ್ಲ.

ಹಿಡಿಯ ವಿಷಯದಲ್ಲಿಯೂ ಮೋಸ ಹೋಗುವವರಿದ್ದಾರೆ. ಬ್ರೇಕಿನ ಹಿಡಿಗಳಲ್ಲಿ ಎರಡು ಜಾತಿ. ಒಂದು ತಂತಿಯನ್ನು ಹೆಚ್ಚು ಎಳೆಯುತ್ತದೆ, ಇನ್ನೊಂದು ಕಡಿಮೆ ಎಳೆಯುತ್ತದೆ. ಡಿಸ್ಕಿನ ದವಡೆಗಳಲ್ಲಿಯೂ ಇವೆರಡಕ್ಕೆ ತಕ್ಕಂತೆ ಎರಡು ಜಾತಿ. ಕಡಿಮೆ ಎಳೆಯುವ ಹಿಡಿಗೆ ಹೆಚ್ಚು ಎಳೆತ ಬೇಡುವ ದವಡೆಯನ್ನು ಜೋಡಿಸಿದರೆ, ಬ್ರೇಕು ಪೂರ್ತಿ ಬೀಳುವ ಮೊದಲೇ ಹಿಡಿ ಹ್ಯಾಂಡಲಿಗೆ ಹೋಗಿ ಮುಟ್ಟುತ್ತದೆ. ತಲೆಕೆಳಗಾಗಿ ಜೋಡಿಸಿದರೆ ಹಿಡಿ ಕಲ್ಲಿನಂತೆ ಗಟ್ಟಿ, ಬ್ರೇಕು ಮಾತ್ರ ಮೆತ್ತಗೆ. ಅಂಗಡಿಯಲ್ಲಿ ನಿಲ್ಲಿಸಿ ನೋಡಿದಾಗ ಎರಡೂ ಸರಿಯಾಗಿರುವಂತೆಯೇ ಕಾಣುತ್ತವೆ. ತಿಳಿಯುವುದು ಇಳಿಜಾರಿನಲ್ಲಿ.

"ಮೋಟಾರು ಸೈಕಲಿನಲ್ಲಿ ಇದೆಯಲ್ಲ, ನಮ್ಮದರಲ್ಲಿ ಏಕೆ ಬೇಡ?" ಎಂದು ಮಕ್ಕಳು ಕೇಳುತ್ತಾರೆ. ಮೋಟಾರು ಸೈಕಲಿನ ಫೋರ್ಕಿನ ಕಾಲನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ, ಉತ್ತರ ಸಿಗುತ್ತದೆ. ಇನ್ನೊಂದು ಮಾತು. ಬ್ರೇಕು ಎಷ್ಟೇ ಬಲವಾಗಿದ್ದರೂ ಸೈಕಲು ನಿಲ್ಲುವುದಕ್ಕೆ ಒಂದು ಮಿತಿಯಿದೆ. ಮುಂದಿನ ಬ್ರೇಕನ್ನು ಬಿಗಿಯಾಗಿ ಹಿಡಿದಾಗ ಭಾರವೆಲ್ಲ ಮುಂದಿನ ಚಕ್ರಕ್ಕೆ ಬರುತ್ತದೆ, ಹಿಂದಿನ ಚಕ್ರ ಹಗುರವಾಗುತ್ತದೆ. ಗುರುತ್ವದ ವೇಗೋತ್ಕರ್ಷದ ಅರ್ಧಕ್ಕಿಂತ ಸ್ವಲ್ಪ ಹೆಚ್ಚಾದರೆ ಸವಾರನೇ ಹ್ಯಾಂಡಲಿನ ಮೇಲಿಂದ ಮುಂದಕ್ಕೆ ಬೀಳುತ್ತಾನೆ. ಒಣ ರಸ್ತೆಯಲ್ಲಿ ಸರಿಯಾಗಿರುವ ರಿಮ್ಮಿನ ಬ್ರೇಕೇ ಈ ಮಿತಿಯನ್ನು ಮುಟ್ಟಬಲ್ಲದು. ಯುರೋಪಿನ ಸೈಕಲು ಪಂದ್ಯಗಳಲ್ಲಿ ದೊಡ್ಡ ದೊಡ್ಡ ಪರ್ವತಗಳನ್ನು ಇಳಿಯುವವರು ಬಹಳ ಕಾಲ ರಿಮ್ಮಿನ ಬ್ರೇಕನ್ನೇ ನಂಬಿದ್ದರು. ಅಂತಾರಾಷ್ಟ್ರೀಯ ಸೈಕಲು ಒಕ್ಕೂಟ ರಸ್ತೆ ಪಂದ್ಯಗಳಲ್ಲಿ ಡಿಸ್ಕಿಗೆ ಪೂರ್ಣ ಒಪ್ಪಿಗೆ ಕೊಟ್ಟದ್ದು 2018ರಲ್ಲಿ. ಅದೂ ಡಿಸ್ಕಿಗಾಗಿಯೇ ತಯಾರಾದ ಸೈಕಲುಗಳಲ್ಲಿ.

ಇನ್ನು ಲೆಕ್ಕವೊಂದನ್ನು ಮಾಡಿ ನೋಡೋಣ. ಗಂಟೆಗೆ 30 ಕಿಲೋಮೀಟರು ವೇಗವೆಂದರೆ ಸೆಕೆಂಡಿಗೆ ಸುಮಾರು 8.3 ಮೀಟರು. ಎರಡೂ ಬ್ರೇಕುಗಳು ಸರಿಯಾಗಿದ್ದು, ಗುರುತ್ವದ ಅರ್ಧದಷ್ಟು ದರದಲ್ಲಿ ವೇಗ ಇಳಿದರೆ, ಸಮತಟ್ಟಾದ ಒಣ ರಸ್ತೆಯಲ್ಲಿ ಸೈಕಲು ಸುಮಾರು 7 ಮೀಟರಿನಲ್ಲಿ ನಿಲ್ಲುತ್ತದೆ. ಮುಂದಿನ ಬ್ರೇಕು ಕೆಟ್ಟು ಹಿಂದಿನದು ಮಾತ್ರ ಇದ್ದು, ದರ ಅದರ ಅರ್ಧವಾದರೆ 14 ಮೀಟರು ಬೇಕು. ಬ್ರೇಕು ಹಿಡಿಯಬೇಕೆಂದು ಮನಸ್ಸಿಗೆ ಹೊಳೆದು ಕೈ ಚಲಿಸುವಾಗ ಒಂದು ಸೆಕೆಂಡು ಕಳೆದರೆ ಮತ್ತೆ 8 ಮೀಟರು ಸೇರಿತು. ಇಳಿಜಾರಿನಲ್ಲಿ, ಮಳೆಯಲ್ಲಿ, ಸವೆದ ರಬ್ಬರಿನಲ್ಲಿ ಎಷ್ಟಾಗಬಹುದೆಂದು ಓದುಗರೇ ಊಹಿಸಲಿ. ಡಿಸ್ಕಿಲ್ಲದ ಸೈಕಲುಗಳಿಗಿಂತ ಮುಂದಿನ ಬ್ರೇಕೇ ಇಲ್ಲದ ಸೈಕಲುಗಳು ನಮ್ಮನ್ನು ಹೆಚ್ಚು ಹೆದರಿಸಬೇಕು. ಆ ಅಪಘಾತದ ಮರುದಿನ ನಾವು ಶಾಲೆಯ ಸೈಕಲು ಶೆಡ್ಡಿಗೆ ಹೋಗಿ ಒಂದೊಂದೇ ಹಿಡಿಯನ್ನು ಅದುಮಿ ನೋಡಿದೆವು. ತಂತಿ ತುಕ್ಕು ಹಿಡಿದು ಅಲುಗದಿರುವುದು, ರಬ್ಬರು ಸವೆದು ಕಬ್ಬಿಣ ಕಬ್ಬಿಣವನ್ನು ಉಜ್ಜುವುದು, ತಂತಿಯನ್ನೇ ಕಿತ್ತುಹಾಕಿರುವುದು, ಎಲ್ಲವನ್ನೂ ಕಂಡೆವು. ಅಂಥ ಒಂದು ಸೈಕಲಿಗೆ ಎರಡು ಬಣ್ಣದ ದೀಪಗಳನ್ನೂ ಒಂದು ಹಾರ್ನನ್ನೂ ಹೊಸದಾಗಿ ಕೂರಿಸಿದ್ದರು. ಮೂಗಿಗಿಂತ ಮೂಗುತಿ ಭಾರ ಎಂಬುದು ಇದಕ್ಕೇ ಇರಬೇಕು.

ಆದ್ದರಿಂದ ಮಕ್ಕಳಿಗೆ ನಾವು ಹೇಳುವುದಿಷ್ಟು. ಇರುವ ಬ್ರೇಕನ್ನು ಮೊದಲು ಸರಿಪಡಿಸಿಕೊಳ್ಳಿ. ರಬ್ಬರಿನ ಮೇಲಿನ ಗೆರೆಗಳು ಮಾಯವಾಗಿದ್ದರೆ ಬದಲಾಯಿಸಿ, ಅದಕ್ಕೆ ಬೇಕಾಗುವ ಹಣ ಅಲ್ಪ. ರಬ್ಬರಿನ ಮುಂತುದಿ ಮೊದಲು ರಿಮ್ಮಿಗೆ ತಾಗುವಂತೆ ತುಸು ಓರೆಯಾಗಿ ಕೂರಿಸಿದರೆ ಕಿರುಚಾಟ ನಿಲ್ಲುತ್ತದೆ. ಮಳೆಗಾಲಕ್ಕೆ ಮೊದಲು ಒಳತಂತಿಯನ್ನು ಹೊಸದಾಗಿ ಹಾಕಿಸಿ, ಹೊರಕವಚದೊಳಗೆ ಎರಡು ಹನಿ ಎಣ್ಣೆ ಬಿಡಿ. ವಾರಕ್ಕೊಮ್ಮೆ ರಿಮ್ಮನ್ನು ಸಾಬೂನು ನೀರಿನಿಂದ ತೊಳೆದು ಬಟ್ಟೆಯಿಂದ ಒರೆಸಿ. ಸರಪಳಿಗೆ ಹಾಕುವ ತೆಂಗಿನೆಣ್ಣೆ ರಿಮ್ಮಿಗಾಗಲಿ, ಡಿಸ್ಕಿಗಾಗಲಿ ತಾಗಕೂಡದು. ಡಿಸ್ಕಿನ ಪ್ಯಾಡು ಎಣ್ಣೆ ಕುಡಿಯಿತೆಂದರೆ ಅದನ್ನು ಎಸೆಯುವುದೇ ಸರಿ. ಹೊಳಪಿನ ಉಕ್ಕಿನ ರಿಮ್ಮು ಒದ್ದೆಯಾದಾಗ ಬಹಳ ಜಾರುತ್ತದೆ. ಸಾಧ್ಯವಾದರೆ ಅಲ್ಯೂಮಿನಿಯಂ ರಿಮ್ಮಿನ ಚಕ್ರ ಹಾಕಿಸಿಕೊಳ್ಳಿ, ವ್ಯತ್ಯಾಸ ಮೊದಲ ಮಳೆಯಲ್ಲಿಯೇ ಗೊತ್ತಾಗುತ್ತದೆ. ಮಳೆಯಲ್ಲಿ ಇಳಿಯುವಾಗ ಮೊದಲೇ ಮೆಲ್ಲಗೆ ಬ್ರೇಕು ಮುಟ್ಟಿಸಿ ರಿಮ್ಮಿನ ನೀರನ್ನು ಒರೆಸಿಕೊಳ್ಳಿ, ಆಮೇಲೆ ಹಿಡಿಯಿರಿ. ಮುಂದಿನ ಬ್ರೇಕಿನ ಹಿಡಿ ಯಾವ ಕೈಯಲ್ಲಿದೆ ಎಂಬುದು ತಿಳಿದಿರಲಿ. ಹೆಚ್ಚಿನ ಸೈಕಲುಗಳಲ್ಲಿ ಅದು ಬಲಗೈಯಲ್ಲಿ. ಅದನ್ನು ಒಮ್ಮೆಗೇ ಎಳೆಯದೆ ಕ್ರಮವಾಗಿ ಬಿಗಿ ಮಾಡುವುದನ್ನು ಮನೆಯಂಗಳದಲ್ಲಿಯೇ ಅಭ್ಯಾಸ ಮಾಡಿಕೊಳ್ಳಿ.

ಪರೀಕ್ಷೆಯೂ ಸುಲಭ. ಸೈಕಲಿನ ಪಕ್ಕದಲ್ಲಿ ನಿಂತು ಮುಂದಿನ ಬ್ರೇಕನ್ನು ಬಿಗಿಯಾಗಿ ಹಿಡಿದು ಮುಂದಕ್ಕೆ ದೂಡಿ. ಚಕ್ರ ತಿರುಗದೆ ಹಿಂದಿನ ಚಕ್ರ ಮೇಲೇಳಬೇಕು. ಮುಂದಿನ ಚಕ್ರ ಉರುಳಿದರೆ ಆ ಸೈಕಲಿನಲ್ಲಿ ಗುಡ್ಡ ಇಳಿಯುವಂತಿಲ್ಲ. ಇಳಿದು ನಡೆಯಿರಿ. ಅದರಲ್ಲಿ ನಾಚಿಕೆಯೇನೂ ಇಲ್ಲ.

ಹೆತ್ತವರಲ್ಲಿಯೂ ಒಂದು ವಿನಂತಿ. ಹೊಸ ಸೈಕಲು ಕೊಡಿಸುವುದಾದರೆ, ಡಿಸ್ಕಿರುವುದನ್ನೇ ಕೊಡಿಸಿದರೂ ಸಂತೋಷ. ಆದರೆ ಅದನ್ನೂ ಆಗಾಗ ಬಿಗಿಸಬೇಕು, ಪ್ಯಾಡು ಸವೆದಾಗ ಬದಲಾಯಿಸಬೇಕು ಎಂಬುದು ನೆನಪಿರಲಿ. ಇದ್ದ ಸೈಕಲಿಗೇ ಡಿಸ್ಕು ಬೇಕೆಂದು ಮಗ ಹಟ ಹಿಡಿದರೆ ಬೈದು ಸುಮ್ಮನಾಗಿಸಬೇಡಿ. ಹಾಗೆ ಮಾಡಿದರೆ ಅವನು ಕದ್ದು ವೆಲ್ಡಿಂಗ್ ಶಾಪಿಗೆ ಹೋಗುತ್ತಾನೆ. ಸರಿಯಾದ ದಾರಿ ಒಂದಿದೆ, ಅದನ್ನು ತಿಳಿಸಿ ಹೇಳಿ. ಡಿಸ್ಕು ಕೂರಿಸುವ ಜಾಗವನ್ನು ಕಾರ್ಖಾನೆಯಲ್ಲಿಯೇ ಮಾಡಿರುವ ಫೋರ್ಕು, ಡಿಸ್ಕಿನ ಹಬ್ಬಿರುವ ಮುಂದಿನ ಚಕ್ರ, ಹಿಡಿಗೆ ಹೊಂದುವ ದವಡೆ, ಇವು ಮೂರನ್ನೂ ಒಟ್ಟಿಗೆ ಬದಲಾಯಿಸಬೇಕು. ಹೊಸ ಫೋರ್ಕು ಹಳೆಯದರಷ್ಟೇ ಎತ್ತರವಿರಬೇಕು, ಅದರ ಕೊಳವೆ ಚೌಕಟ್ಟಿನ ತಲೆಗೆ ಸರಿಹೊಂದಬೇಕು. ಚಕ್ರದ ಅಚ್ಚಿನ ನಟ್ಟುಗಳನ್ನು ಬಹಳ ಬಿಗಿಯಾಗಿ ಹಾಕಬೇಕು, ಏಕೆಂದರೆ ಡಿಸ್ಕಿನ ಎಳೆತ ಅಚ್ಚನ್ನು ಫೋರ್ಕಿನಿಂದ ಕೆಳಕ್ಕೆ ತಳ್ಳುವ ಕಡೆಗಿರುತ್ತದೆ. ಹಿಂದಿನ ಬ್ರೇಕು ಇದ್ದಂತೆಯೇ ಇರಲಿ. ಇಷ್ಟನ್ನೂ ಬಲ್ಲವರಿಂದ ಮಾಡಿಸಿದರೆ ನಮ್ಮ ಆಕ್ಷೇಪವಿಲ್ಲ. ಮಾಡಿಸುವ ಮೊದಲು ಒಂದು ಕಾಗದದಲ್ಲಿ ಖರ್ಚನ್ನು ಬರೆದು ಕೂಡಿಸಿ ನೋಡಲಿ. ಹಳೆಯ ಸೈಕಲಿನ ಬೆಲೆಯನ್ನು ಅದು ಮೀರಿದರೆ, ಹುಡುಗನೇ ಬೇಡವೆಂದಾನು.

ಕೊನೆಯದಾಗಿ ನಮ್ಮ ಕರ್ತವ್ಯದ ಮಾತು. ಮಕ್ಕಳ ಕೈಚಳಕವನ್ನು ನಾವು ಮೆಚ್ಚಬೇಕು, ಮೆಚ್ಚುತ್ತಲೂ ಇರಬೇಕು. ಗುಜರಿಯಿಂದ ಚಕ್ರ ತಂದು ಜೋಡಿಸಿದ ಆ ಹುಡುಗನ ಬುದ್ಧಿಗೆ ನಾವು ಇಂದೂ ತಲೆದೂಗುತ್ತೇವೆ. ಆದರೆ ಬೆನ್ನು ತಟ್ಟುವ ಮೊದಲು "ಇದು ಮುರಿದರೆ ಏನಾಗುತ್ತದೆ?" ಎಂದು ಕೇಳುವುದು ಅಧ್ಯಾಪಕರ ಕೆಲಸ. ಇನ್ನು ಮುಂದೆ ನಮ್ಮ ಮೇಳದಲ್ಲಿ ವಾಹನಕ್ಕೆ ಸಂಬಂಧಿಸಿದ ಯಾವ ವಸ್ತುವಿಗೂ ಈ ಪ್ರಶ್ನೆ ಕೇಳದೆ ಬಹುಮಾನವಿಲ್ಲವೆಂದು ನಿರ್ಧರಿಸಿದ್ದೇವೆ. ಪ್ರತಿ ವರ್ಷ ಶಾಲೆ ತೆರೆದ ಮೊದಲನೆಯ ವಾರ, ಮತ್ತೆ ಓಣಂ ರಜೆ ಮುಗಿದ ಮೇಲೆ, ಊರಿನ ಸೈಕಲು ಮೇಸ್ತ್ರಿಯನ್ನು ಕರೆಸಿ ಶೆಡ್ಡಿನಲ್ಲಿಯೇ ಎಲ್ಲ ಸೈಕಲುಗಳ ಬ್ರೇಕು ನೋಡಿಸಬೇಕೆಂದು ರಕ್ಷಕ ಶಿಕ್ಷಕ ಸಂಘದ ಮುಂದೆ ಸೂಚನೆಯಿಟ್ಟಿದ್ದೇವೆ. ಮೇಸ್ತ್ರಿಯ ಕೂಲಿಯನ್ನು ಸಂಘ ಕೊಡಲಿ, ರಬ್ಬರಿನ ಹಣವನ್ನು ಮಾತ್ರ ಮಕ್ಕಳು ತರಲಿ. ಕೊಡಲಾಗದವರ ಹಣವನ್ನು ನಾವು ಅಧ್ಯಾಪಕರು ಸೇರಿ ಭರಿಸುತ್ತೇವೆ.

ಆ ಹುಡುಗ ಈಗ ಮತ್ತೆ ಸೈಕಲಿನಲ್ಲಿ ಬರುತ್ತಿದ್ದಾನೆ. ಮುಂದಿನ ಫೋರ್ಕು ಹೊಸದು, ಬ್ರೇಕು ರಿಮ್ಮಿನದೇ. ಮೊದಲನೆಯ ತಪಾಸಣೆಯ ದಿನ ಮೇಸ್ತ್ರಿಯ ಪಕ್ಕದಲ್ಲಿ ಕುಳಿತು ಸ್ಪಾನರು ಹಿಡಿಯಲು ಅವನಾಗಿಯೇ ಒಪ್ಪಿದ್ದಾನೆ. ಹೆತ್ತವರೂ ಬಿಡುವು ಮಾಡಿಕೊಂಡು ಅಂದು ಶಾಲೆಗೆ ಬರಬೇಕೆಂದು ಕೇಳಿಕೊಳ್ಳುತ್ತೇವೆ.